ಗಾಲ್ಫ್‌ನಲ್ಲಿ ಆಸ್ಟ್ರೇಲಿಯಾ ಮೇಲೋ, ದಕ್ಷಿಣ ಆಫ್ರಿಕಾ ಮೇಲೋ? ನಮ್ಮನೆ ಎರಡನೇ ಮದ್ದಿನ ಖರ್ಚು ಇದರ ಮೇಲಿದೆ

ತುಂಗಾದಡ (ತೀರ್ಥಹಳ್ಳಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ನೋಡಿ ನಗಬೇಡಿ ಮಾರಾಯ್ರೆ. ನಾನು ಮೂರೂವರೆ ಎಕರೆ ಅಡಿಕೆ ತೋಟದವನು. ಗಾಲ್ಫ್ ಕೋಲು ಕೈಯಲ್ಲಿ ಹಿಡಿದವನೇ ಅಲ್ಲ. ಹಿಡಿದಿದ್ದು ದೋಟಿ ಮಾತ್ರ. ಆದರೂ ನನ್ನನ್ನು ಜಡ್ಜ್ ಮಾಡಿ ಕೂರಿಸಿಬಿಟ್ಟಿದ್ದಾರೆ.

ಆಗಿದ್ದು ಇಷ್ಟು. ಮೇ ತಿಂಗಳಲ್ಲಿ ಅಣ್ಣನ ಮಗನ ಉಪನಯನ ಇತ್ತು. ಪರ್ತ್‌ನಿಂದ ಭಾವ ಬಂದಿದ್ದರು, ನಮ್ಮ ದೊಡ್ಡಕ್ಕನ ಗಂಡ. ಜೋಹಾನ್ಸ್‌ಬರ್ಗ್‌ನಿಂದ ಚಿಕ್ಕಪ್ಪನ ಮಗ ಬಂದಿದ್ದ. ಊಟ ಮುಗಿಸಿ ಎಲ್ಲರೂ ಜಗಲಿ ಮೇಲೆ ಉರುಳಿಕೊಂಡಿದ್ದೆವು. ಯಾರೋ ಕ್ರಿಕೆಟ್ ಮಾತು ತೆಗೆದರು. ಭಾವ ತಕ್ಷಣ ಆಸ್ಟ್ರೇಲಿಯಾ-ದಕ್ಷಿಣ ಆಫ್ರಿಕಾ ಆಡಿದ 1999ರ ವಿಶ್ವಕಪ್ ಸೆಮಿಫೈನಲ್ ಎತ್ತಿದರು. ಎಜ್‌ಬಾಸ್ಟನ್, ಎರಡೂ ಕಡೆ 213, ಡೊನಾಲ್ಡ್ ಬ್ಯಾಟ್ ಬಿಟ್ಟು ಓಡಿದ್ದು. ತಮ್ಮನ ಮುಖ ಸಪ್ಪಗಾಯಿತು. ಆ ಪಂದ್ಯ ಆಗುವಾಗ ಅವನು ಕೊಪ್ಪದ ಹಾಸ್ಟೆಲ್ಲಿನಲ್ಲಿದ್ದ ಹುಡುಗ, ಆಫ್ರಿಕಾ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ. ಈಗ ಅದು ಅವನ ಸ್ವಂತ ಸೋಲು.

"ಕ್ರಿಕೆಟ್ ಬಿಡಿ ಭಾವ, ಗಾಲ್ಫಿಗೆ ಬನ್ನಿ" ಅಂದ. ಇಬ್ಬರೂ ಅಲ್ಲಿ ಶನಿವಾರ ಭಾನುವಾರ ಗಾಲ್ಫ್ ಆಡುತ್ತಾರಂತೆ. ಅಲ್ಲಿಂದ ಶುರುವಾದದ್ದು ಸಂಜೆ ಕಾಫಿವರೆಗೂ ನಡೆಯಿತು. ಕೊನೆಗೆ ಪಂದ್ಯ ಕಟ್ಟಿದರು: ಯಾವ ದೇಶ ಒಳ್ಳೆ ಗಾಲ್ಫ್ ಆಟಗಾರರನ್ನು ತಯಾರು ಮಾಡಿದೆ ಅಂತ ತೀರ್ಮಾನ ಆಗಬೇಕು. ಸೋತವರು ಈ ವರ್ಷ ನಮ್ಮ ತೋಟದ ಎರಡನೇ ಮದ್ದಿನ ಖರ್ಚು ಕೊಡಬೇಕು. ಮದ್ದು ಅಂದರೆ ಅಡಿಕೆಗೆ ಕೊಳೆರೋಗ ಬರದ ಹಾಗೆ ಮಳೆಗಾಲದಲ್ಲಿ ಹೊಡೆಸುವ ಬೋರ್ಡೋ, ಮೈಲುತುತ್ತು ಸುಣ್ಣ ಸೇರಿಸಿದ್ದು. ತೋಟ ನನ್ನ ಹೆಸರಲ್ಲಿದ್ದರೂ ಎಲ್ಲರೂ ಅದರ ನೆರಳಲ್ಲಿ ಬೆಳೆದವರು, ಹಾಗಾಗಿ ಯಾರೂ ಬೇಡ ಅನ್ನಲಿಲ್ಲ. ತೀರ್ಪು ನಾನು ಹೇಳಬೇಕು. ಯಾರು ಸೋತರೂ ನನಗೆ ಲಾಭ ಅಂತ ನನ್ನ ಹೆಂಡತಿ ಒಬ್ಬಳಿಗೇ ಹೊಳೆದದ್ದು.

2025ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ದಕ್ಷಿಣ ಆಫ್ರಿಕಾ ಆಸ್ಟ್ರೇಲಿಯಾವನ್ನೇ ಸೋಲಿಸಿ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್ ಗೆದ್ದಮೇಲೆ ತಮ್ಮನ ಬಾಯಿ ಜಾಸ್ತಿ ಆಗಿದೆ. ಮನೆ ವಾಟ್ಸಾಪ್ ಗುಂಪಿನಲ್ಲಿ ದಿನಾ ಒಂದು ಮೆಸೇಜು.

ನಾನೂ ಸ್ವಲ್ಪ ಕಲಿಯೋಣ ಅಂತ ಹೋದ ಭಾನುವಾರ ದಿ ಓಪನ್ ನೋಡಲು ಕೂತೆ. ನಾವು ಬ್ರಿಟಿಷ್ ಓಪನ್ ಅನ್ನುತ್ತೇವಲ್ಲ, ಅದೇ. ಉತ್ತರ ಐರ್ಲೆಂಡಿನ ಪೋರ್ಟ್‌ರಷ್ ಅನ್ನೋ ಜಾಗ. ಅಲ್ಲೂ ಮೋಡ, ಗಾಳಿ, ಕೊಡೆ. ಹೊರಗೆ ನಮ್ಮಲ್ಲೂ ಅದೇ. ಟಿವಿ ಯಾವುದು ಕಿಟಕಿ ಯಾವುದು ಅಂತ ಗೊತ್ತಾಗದ ಹಾಗಿತ್ತು. ಆಮೇಲೆ ಕರೆಂಟ್ ಹೋಯಿತು. ಬರುವಷ್ಟರಲ್ಲಿ ಅಮೆರಿಕದ ಸ್ಕಾಟಿ ಷೆಫ್ಲರ್ ಕಪ್ ಹಿಡಿದುಕೊಂಡು ನಿಂತಿದ್ದ. ನಮ್ಮ ಎರಡು ದೇಶದವರು ಎಲ್ಲಿದ್ದರೋ ಕಾಣಲಿಲ್ಲ.

ಮಳೆ ನಾಲ್ಕು ದಿನ ಬಿಟ್ಟರೆ ಮದ್ದು ಹೊಡೆಸಬೇಕು. ಬೇಗ ಹೇಳಿ. ಗೊತ್ತಿದ್ದವರು ಸುಮ್ನೆ ಅಭಿಮಾನಕ್ಕೆ ಹೇಳಬೇಡಿ, ಕಾರಣ ಕೊಟ್ಟು ಹೇಳಿ. ಭಾವ ವಕೀಲರ ಮನೆತನದವರು, ಸಾಕ್ಷಿ ಕೇಳುತ್ತಾರೆ.

---

ಪೇಟೆರಾಯ (ಶಿವಮೊಗ್ಗ):

ಅಣ್ಣಾ, ಶಿವಮೊಗ್ಗದಲ್ಲಿ ನಿಂತು ಗಾಲ್ಫ್ ಅಂದರೆ ಜನ ಯಾವ ಬಸ್ಸು ಅಂತ ಕೇಳುತ್ತಾರೆ. ನನಗೆ ಗೊತ್ತಿರುವುದು ಟೈಗರ್ ವುಡ್ಸ್ ಒಬ್ಬನೇ. ಅವನು ಇವೆರಡೂ ದೇಶದವನಲ್ಲ. ಆದರೂ ತೀರ್ಪು ಬೇಕು ಅಂದರೆ ಭಾವನ ವಿರುದ್ಧ ಕೊಡಿ. ಭಾವಂದಿರ ಹತ್ತಿರ ದುಡ್ಡು ಕೀಳುವ ಅವಕಾಶ ಜೀವನದಲ್ಲಿ ಒಂದೋ ಎರಡೋ ಸಲ ಬರುವುದು.

---

ಎಸ್ಟೇಟ್ ರೈಟರ್ (ಬಾಳೆಹೊನ್ನೂರು):

ನಮ್ಮ ಸಾಹುಕಾರರು ಚಿಕ್ಕಮಗಳೂರಿಗೆ ಹೋಗಿ ಗಾಲ್ಫ್ ಆಡುತ್ತಾರೆ. ಅವರ ಕಾರಿನಲ್ಲಿ ಬರುವ ಹಳೇ ಪತ್ರಿಕೆಗಳನ್ನು ಓದಿ ಓದಿ ನನಗೂ ಹುಚ್ಚು ಹತ್ತಿದೆ. ಆಟ ಬರುವುದಿಲ್ಲ, ಲೆಕ್ಕ ಬರುತ್ತದೆ. ಹಾಜರಿ ಪುಸ್ತಕ ಬರೆಯುವವನಿಗೆ ಇದು ಕಷ್ಟವಲ್ಲ.

ಗಾಲ್ಫಿನಲ್ಲಿ ದೊಡ್ಡವನು ಯಾರು ಅಂತ ನೋಡುವುದು ಮೇಜರ್‌ಗಳ ಮೇಲೆ, ಅಂದರೆ ಎಲ್ಲಕ್ಕಿಂತ ದೊಡ್ಡ ಪಂದ್ಯಗಳ ಮೇಲೆ. ವರ್ಷಕ್ಕೆ ನಾಲ್ಕು: ಮಾಸ್ಟರ್ಸ್, ಪಿಜಿಎ, ಯುಎಸ್ ಓಪನ್, ದಿ ಓಪನ್. 2025ರ ಜುಲೈವರೆಗೆ ಗಂಡಸರ ಲೆಕ್ಕ ಹೀಗಿದೆ.

ದಕ್ಷಿಣ ಆಫ್ರಿಕಾ: ಗ್ಯಾರಿ ಪ್ಲೇಯರ್ 9, ಬಾಬಿ ಲಾಕ್ 4, ಅರ್ನಿ ಎಲ್ಸ್ 4, ರಟೀಫ್ ಗೂಸನ್ 2, ಟ್ರೆವರ್ ಇಮ್ಮಲ್‌ಮನ್, ಲೂಯಿ ಊಸ್ಟ್‌ಹೈಜನ್, ಚಾರ್ಲ್ ಶ್ವಾರ್ಟ್ಸೆಲ್ ತಲಾ 1. ಒಟ್ಟು 22, ಏಳು ಜನ.

ಆಸ್ಟ್ರೇಲಿಯಾ: ಪೀಟರ್ ಥಾಮ್ಸನ್ 5, ಗ್ರೆಗ್ ನಾರ್ಮನ್ 2, ಡೇವಿಡ್ ಗ್ರಹಾಂ 2, ಆಮೇಲೆ ಕೆಲ್ ನೇಗಲ್, ವೇಯ್ನ್ ಗ್ರೇಡಿ, ಇಯಾನ್ ಬೇಕರ್ ಫಿಂಚ್, ಸ್ಟೀವ್ ಎಲ್ಕಿಂಗ್ಟನ್, ಜೆಫ್ ಓಗಿಲ್ವಿ, ಆಡಂ ಸ್ಕಾಟ್, ಜೇಸನ್ ಡೇ, ಕ್ಯಾಮರನ್ ಸ್ಮಿತ್ ತಲಾ 1. ಒಟ್ಟು 17, ಹನ್ನೊಂದು ಜನ. 1947ರಲ್ಲಿ ಪಿಜಿಎ ಗೆದ್ದ ಜಿಮ್ ಫೆರಿಯರ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ಆದರೆ ಅಮೆರಿಕದ ಪೌರನಾಗಿಬಿಟ್ಟಿದ್ದ. ಭಾವ ಅವನನ್ನು ಸೇರಿಸಿ 18 ಅನ್ನಬಹುದು. ಎಚ್ಚರ.

ಮೇಲೆ ನೋಡಿದರೆ ತಮ್ಮ ಗೆದ್ದ. ಆದರೆ ಒಳಗೆ ಸ್ವಲ್ಪ ಕೆದಕಿ. ದಿ ಓಪನ್ ಒಂದನ್ನೇ ತೆಗೆದುಕೊಂಡರೆ 10-10, ಸಮ. ಅದರಲ್ಲೂ 1949ರಿಂದ 1960ರವರೆಗಿನ ಹನ್ನೆರಡು ವರ್ಷ ನೋಡಿದರೆ ಮಜಾ ಬರುತ್ತದೆ. ಹನ್ನೆರಡರಲ್ಲಿ ಹತ್ತನ್ನು ಇವೆರಡೇ ದೇಶ ಹಂಚಿಕೊಂಡಿವೆ. ಲಾಕ್ 4, ಪ್ಲೇಯರ್ 1. ಥಾಮ್ಸನ್ 4, ನೇಗಲ್ 1. ಐದು ಐದು! 1952ರಲ್ಲಿ ಲಾಕ್ ಮೊದಲು, ಥಾಮ್ಸನ್ ಎರಡನೇದು. 1957ರಲ್ಲೂ ಹಾಗೇ. 1954ರಲ್ಲಿ ಉಲ್ಟಾ, ಥಾಮ್ಸನ್ ಮೇಲೆ, ಲಾಕ್ ಕೆಳಗೆ. ಭಾವ ತಮ್ಮನ ಜಗಳ ಹೊಸದೇನಲ್ಲ.

ವ್ಯತ್ಯಾಸ ಆಗಿದ್ದು ಉಳಿದ ಮೂರು ಮೇಜರ್ ನಡೆಯುವ ಅಮೆರಿಕದಲ್ಲಿ. ಮಾಸ್ಟರ್ಸ್ 5-1, ಯುಎಸ್ ಓಪನ್ 5-2, ಎರಡೂ ದಕ್ಷಿಣ ಆಫ್ರಿಕಾ ಕಡೆಗೆ. ಪಿಜಿಎ ಮಾತ್ರ 4-2, ಆಸ್ಟ್ರೇಲಿಯಾ ಕಡೆಗೆ.

ಇನ್ನೊಂದು. ಗ್ಯಾರಿ ಪ್ಲೇಯರ್ ಒಬ್ಬನನ್ನು ತೆಗೆದರೆ 22 ಹೋಗಿ 13 ಆಗುತ್ತದೆ. ಭಾವ ಇದನ್ನು ಖಂಡಿತ ಹೇಳುತ್ತಾರೆ. ಆಗ ತಮ್ಮ ಥಾಮ್ಸನ್ನನ್ನು ತೆಗೆಯಲಿ. 13-12. ಹೀಗೆ ಒಬ್ಬೊಬ್ಬರನ್ನೇ ತೆಗೆಯುತ್ತಾ ಹೋದರೆ ಕೊನೆಗೆ ಯಾರೂ ಉಳಿಯುವುದಿಲ್ಲ.

ಆದರೆ ಭಾವನ ಕೈಯಲ್ಲಿ ಒಂದು ದೊಡ್ಡ ಎಲೆ ಇದೆ. ವಿಶ್ವ ರ‍್ಯಾಂಕಿಂಗ್ 1986ರಲ್ಲಿ ಶುರುವಾಯಿತು. ನಾರ್ಮನ್ ಒಟ್ಟು 331 ವಾರ ಒಂದನೇ ಸ್ಥಾನದಲ್ಲಿದ್ದ. ಟೈಗರ್ ವುಡ್ಸ್ ಬಿಟ್ಟರೆ ಅಷ್ಟು ಕಾಲ ಬೇರೆ ಯಾರೂ ಇರಲಿಲ್ಲ. ಸ್ಕಾಟ್, ಡೇ ಕೂಡ ಒಂದನೇ ಸ್ಥಾನ ನೋಡಿದವರು. ದಕ್ಷಿಣ ಆಫ್ರಿಕಾದಲ್ಲಿ ಎಲ್ಸ್ ಒಬ್ಬನೇ, ಅದೂ 9 ವಾರ.

---

ತುಂಗಾದಡ:

ರೈಟರ್ ಸರ್, ಉಪಕಾರ ಆಯ್ತು. ಇದನ್ನು ಹಾಗೇ ಗುಂಪಿಗೆ ಹಾಕಿದೆ. ಭಾವ ಐದು ನಿಮಿಷದಲ್ಲಿ ಫೆರಿಯರ್ ಹೆಸರು ಹೇಳಿದರು. ನೀವು ಅಂದಹಾಗೇ ಆಯಿತು.

ತಮ್ಮ ಬೇರೆ ಹೇಳುತ್ತಾನೆ. ಜೋಹಾನ್ಸ್‌ಬರ್ಗ್ ಸಮುದ್ರಮಟ್ಟದಿಂದ 1,750 ಮೀಟರ್ ಮೇಲಿದೆಯಂತೆ, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಕಡಿಮೆ. ಗಾಳಿ ತೆಳು, ಚೆಂಡು ಜಾಸ್ತಿ ದೂರ ಹೋಗುತ್ತದೆ. ಅಲ್ಲಿ ಆಡಿದವನು ಕೆಳಗೆ ಬಂದರೆ ಮತ್ತೆ ದೂರದ ಅಂದಾಜು ಕಲಿಯಬೇಕು, ಹಾಗಾಗಿ ಎರಡೂ ಗೊತ್ತಿರುತ್ತದೆ ಅಂತ ಅವನ ವಾದ. ಭಾವ ಅದಕ್ಕೆ ಮೆಲ್ಬರ್ನ್‌ನ ಮರಳು ನೆಲ ಅನ್ನುತ್ತಾರೆ. ರಾಯಲ್ ಮೆಲ್ಬರ್ನ್ ಅಂತ ಒಂದು ಗಾಲ್ಫ್ ಮೈದಾನ ಇದೆಯಂತೆ, 1926ರಲ್ಲಿ ಅಲಿಸ್ಟರ್ ಮೆಕೆಂಜಿ ಹೋಗಿ ನಕ್ಷೆ ಹಾಕಿಕೊಟ್ಟಿದ್ದು. ಕಲ್ಲಿನಂಥ ಗ್ರೀನು (ಗುಳಿ ಸುತ್ತ ಹುಲ್ಲು ಸಣ್ಣಗೆ ಕತ್ತರಿಸಿದ ಜಾಗ), ಚೆಂಡು ಬಿದ್ದಲ್ಲಿ ನಿಲ್ಲುವುದಿಲ್ಲ, ಅಲ್ಲಿ ಕಲಿತವನು ಎಲ್ಲಿ ಬೇಕಾದರೂ ಆಡುತ್ತಾನೆ ಅಂತ. ನನಗೆ ಎರಡೂ ಸರಿ ಅನಿಸುತ್ತದೆ. ಅದೇ ಕಷ್ಟ.

---

ಹಳೇ ಕ್ಯಾಡಿ (ಸಾಗರ):

ನಾನು ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ 1994ರಿಂದ ಹದಿನೈದು ವರ್ಷ ಕ್ಯಾಡಿಯಾಗಿದ್ದೆ, ಅಂದರೆ ಆಟಗಾರರ ಬ್ಯಾಗ್ ಹೊರುವವನು. ಹೆಸರು ಬೇಡ. ಬಿಡುವಾಗ ಬರಬೇಕಾದ ದುಡ್ಡು ಪೂರ್ತಿ ಬರಲಿಲ್ಲ, ಆ ಕಥೆ ಇಲ್ಲಿ ಬೇಡ. ಈಗ ಊರಲ್ಲಿ ಒಂದು ಎಕರೆ ತೋಟ, ಎರಡು ಎಮ್ಮೆ, ಒಂದು ನೋಯುವ ಬಲಭುಜ. ಬ್ಯಾಗಿನ ಪಟ್ಟಿ ಅದೇ ಭುಜದ ಮೇಲಿರುತ್ತಿತ್ತು.

ರೈಟರ್ ಸರ್ ಲೆಕ್ಕ ಸರಿಯಾಗಿದೆ. ಆದರೆ ಬ್ಯಾಗ್ ಹೊತ್ತವನಿಗೆ ಆಟಗಾರ ಗೊತ್ತಾಗುವುದು ಒಟ್ಟು ಲೆಕ್ಕದಲ್ಲಲ್ಲ. ಕೊನೆಯ ನಾಲ್ಕು ಹೋಲ್‌ನಲ್ಲಿ. ಒಂದು ಸುತ್ತಿಗೆ ಹದಿನೆಂಟು ಹೋಲ್, ಅಂದರೆ ಗುಳಿ. ಕಡಿಮೆ ಏಟಿನಲ್ಲಿ ಮುಗಿಸಿದವನೇ ಮುಂದೆ. ಹದಿನಾಲ್ಕನೇ ಗ್ರೀನ್ ದಾಟಿದ ಮೇಲೆ ಮನುಷ್ಯ ಮಾತಾಡುವ ರೀತಿ ಬದಲಾಗುತ್ತದೆ. ಕೆಲವರು ಸುಮ್ಮನಾಗುತ್ತಾರೆ. ಕೆಲವರು ನೀರು ಕೇಳುತ್ತಾರೆ, ಕುಡಿಯುವುದಿಲ್ಲ. ಕೈ ಒರೆಸಿದ ಟವೆಲ್ಲನ್ನೇ ಮತ್ತೆ ಕೇಳುತ್ತಾರೆ. ಇವರದ್ದು ಇವತ್ತು ಮುಗೀತು ಅಂತ ನಮಗೆ ಅವರಿಗಿಂತ ಮೊದಲೇ ಗೊತ್ತಾಗುತ್ತಿತ್ತು.

ಇವೆರಡು ದೇಶಕ್ಕೆ ಈ ಅಳತೆ ಹಿಡಿಯಲು ಎರಡೇ ಪಂದ್ಯ ಸಾಕು.

ಮೊದಲನೇದು 2011ರ ಮಾಸ್ಟರ್ಸ್. ಕೊನೇ ದಿನ ಆಸ್ಟ್ರೇಲಿಯಾದ ಆಡಂ ಸ್ಕಾಟ್, ಜೇಸನ್ ಡೇ ಇಬ್ಬರೂ ಮುಂದಿದ್ದರು. ಆ ತನಕ ಯಾವ ಆಸ್ಟ್ರೇಲಿಯಾದವನೂ ಮಾಸ್ಟರ್ಸ್ ಗೆದ್ದಿರಲಿಲ್ಲ. ಆಗ ಶ್ವಾರ್ಟ್ಸೆಲ್ ಏನು ಮಾಡಿದ ಗೊತ್ತಾ? 15, 16, 17, 18, ನಾಲ್ಕಕ್ಕೆ ನಾಲ್ಕೂ ಬರ್ಡಿ. ಅಂದರೆ ಪ್ರತಿ ಹೋಲ್‌ನಲ್ಲೂ ಗೊತ್ತುಮಾಡಿದ ಏಟಿಗಿಂತ ಒಂದು ಕಡಿಮೆ. ಮಾಸ್ಟರ್ಸ್ ಗೆದ್ದವರಲ್ಲಿ ಕೊನೆಯ ನಾಲ್ಕನ್ನು ಹಾಗೆ ಮುಗಿಸಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಸ್ಕಾಟ್, ಡೇ ಇಬ್ಬರೂ ಎರಡು ಏಟು ಹಿಂದೆ, ಜಂಟಿ ಎರಡನೇ ಸ್ಥಾನ. ಅವರು ಕೆಟ್ಟದಾಗಿ ಆಡಲಿಲ್ಲ. ಎದುರಿನವನು ಹಾಗೆ ಆಡಿದ, ಅಷ್ಟೆ.

ಎರಡನೇದು ಮುಂದಿನ ವರ್ಷ, 2012, ಇಂಗ್ಲೆಂಡಿನ ಲಿದಂನಲ್ಲಿ ದಿ ಓಪನ್. ಅದೇ ಸ್ಕಾಟ್. ನಾಲ್ಕು ಹೋಲ್ ಬಾಕಿ, ನಾಲ್ಕು ಏಟು ಮುಂದೆ. ಎದೆ ಎತ್ತರದ ಉದ್ದ ಪಟರ್ (ಗ್ರೀನ್ ಮೇಲೆ ಚೆಂಡನ್ನು ಗುಳಿಗೆ ಉರುಳಿಸುವ ಕೋಲು) ಇಟ್ಟುಕೊಂಡು ಮೂರೂವರೆ ದಿನ ಗಡಿಯಾರದ ಹಾಗೆ ಆಡಿದ್ದ. ಆಮೇಲೆ 15 ಬೋಗಿ. 16 ಬೋಗಿ. 17 ಬೋಗಿ. ಪ್ರತಿಯೊಂದಕ್ಕೂ ಒಂದೊಂದು ಏಟು ಜಾಸ್ತಿ. ಮುಂದೆ ಆಡುತ್ತಿದ್ದ ಅರ್ನಿ ಎಲ್ಸ್ ಅಷ್ಟರಲ್ಲಿ 18ರಲ್ಲಿ ಬರ್ಡಿ ಹಾಕಿ ಕುಳಿತಿದ್ದ. ಸ್ಕಾಟ್ 18ರಲ್ಲಿ ಹೊಡೆದದ್ದು ಸೀದಾ ಬಂಕರಿಗೆ, ಮರಳಿನ ಗುಂಡಿಗೆ. ಹೊರಗೆ ಬಂದು ಕೊನೆಗೆ ಹತ್ತಡಿಗೂ ಕಡಿಮೆಯ ಪಟ್, ಗುಳಿಗೆ ಉರುಳಿಸುವ ಏಟು, ಉಳಿಯಿತು. ಹಾಕಿದ್ದರೆ ಸಮ. ಚೆಂಡು ಎಡಕ್ಕೆ ಸರಿದು ಹೋಯಿತು.

ಒಬ್ಬ ದಕ್ಷಿಣ ಆಫ್ರಿಕಾದವನು ಕೊನೆಯ ನಾಲ್ಕೂ ಬರ್ಡಿ ಹಾಕಿ ಆಸ್ಟ್ರೇಲಿಯಾದವನಿಂದ ಕಪ್ ಕಿತ್ತುಕೊಂಡ. ಅದೇ ಆಸ್ಟ್ರೇಲಿಯಾದವನು ಮರುವರ್ಷ ಕೊನೆಯ ನಾಲ್ಕೂ ಬೋಗಿ ಹಾಕಿ ಇನ್ನೊಬ್ಬ ದಕ್ಷಿಣ ಆಫ್ರಿಕಾದವನಿಗೆ ಕಪ್ ಕೊಟ್ಟ. ನಾನು ಕಟ್ಟಿ ಹೇಳುತ್ತಿಲ್ಲ, ಆಗಿದ್ದೇ ಹಾಗೆ. ನಾನು ಅಷ್ಟರಲ್ಲಿ ಊರಿಗೆ ಬಂದಿದ್ದೆ. ಬೆಳಿಗ್ಗೆ ಎಮ್ಮೆ ಕರೆಯುವಾಗ ಹಳೇ ಜೊತೆಗಾರ ಫೋನ್ ಮಾಡಿ ಹೇಳಿದ. ಚೊಂಬು ಕೆಳಗಿಟ್ಟು ಕೇಳಿದೆ.

ನಾರ್ಮನ್ ವಿಷಯವೂ ಹಾಗೇ. 1996ರ ಮಾಸ್ಟರ್ಸ್‌ನಲ್ಲಿ ಕೊನೇ ದಿನ ಶುರುವಾಗುವಾಗ ಆರು ಏಟು ಮುಂದಿದ್ದ. 78 ಹೊಡೆದ. ಇಂಗ್ಲೆಂಡಿನ ನಿಕ್ ಫಾಲ್ಡೋ 67. ಐದು ಏಟಿನಿಂದ ಸೋತ. ಸೋಮವಾರ ಬೆಳಿಗ್ಗೆ ನಮ್ಮ ಮೆಂಬರ್ ಒಬ್ಬರು ಮೊದಲ ಟೀ (ಆಟ ಶುರುಮಾಡುವ ಜಾಗ) ಹತ್ತಿರ ಬಂದು, "ಇವತ್ತು ಆಡುವ ಮನಸ್ಸಿಲ್ಲ" ಅಂತ ವಾಪಸ್ ಹೋದರು. ನನಗೆ ಆ ದಿನದ ಕೂಲಿ ಹೋಯಿತು. ಹಾಗಾಗಿ ಚೆನ್ನಾಗಿ ನೆನಪಿದೆ. 331 ವಾರ ಒಂದನೇ ಸ್ಥಾನದಲ್ಲಿ ಇದ್ದವನಿಗೆ ಎರಡೇ ಮೇಜರ್. ನಾಲ್ಕು ಬೇರೆ ಬೇರೆ ಮೇಜರ್‌ಗಳಲ್ಲೂ ಪ್ಲೇಆಫ್ ಸೋತಿದ್ದಾನೆ, ಅಂದರೆ ಏಟು ಸಮ ಆದಾಗ ಮತ್ತೆ ಆಡಿಸುವ ಆಟ.

ಹಾಗಂತ ಆಸ್ಟ್ರೇಲಿಯಾದವರಿಗೆ ಗುಂಡಿಗೆ ಇಲ್ಲ ಅಂತಲ್ಲ. 2022ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ದಿ ಓಪನ್ ಗೆದ್ದಾಗ ಕ್ಯಾಮರನ್ ಸ್ಮಿತ್ ಕೊನೇ ದಿನ 64 ಹೊಡೆದ, ಕೊನೆಯ ಒಂಬತ್ತು ಹೋಲ್ ಬರೀ 30. ಉತ್ತರ ಐರ್ಲೆಂಡಿನ ರೋರಿ ಮ್ಯಾಕಿಲ್ರಾಯ್ ಅಂಥವನು ನೋಡುತ್ತಾ ನಿಂತ. ಮತ್ತೆ ಸ್ಕಾಟ್ ಪಾಪ, 2013ರಲ್ಲಿ ಮಾಸ್ಟರ್ಸ್ ಗೆದ್ದೇ ಗೆದ್ದ. ಮಳೆ, ಕತ್ತಲಾಗುತ್ತಿತ್ತು, ಪ್ಲೇಆಫ್‌ನ ಎರಡನೇ ಹೋಲ್. ಪಟ್ ಎತ್ತ ತಿರುಗುತ್ತದೆ ಅಂತ ಅವನಿಗೆ ಕಾಣಲಿಲ್ಲ. ಕ್ಯಾಡಿಯನ್ನು ಕರೆದ. ಕ್ಯಾಡಿ ನೋಡಿ, ನೀನು ಅಂದುಕೊಂಡದ್ದಕ್ಕಿಂತ ಜಾಸ್ತಿ ತಿರುಗುತ್ತದೆ ಅಂದ. ಹಾಗೇ ಹೊಡೆದ, ಒಳಗೆ ಹೋಯಿತು. ಆಸ್ಟ್ರೇಲಿಯಾದ ಮೊದಲ ಮಾಸ್ಟರ್ಸ್ ಅದು. ಆ ಕ್ಯಾಡಿ ಸ್ಟೀವ್ ವಿಲಿಯಮ್ಸ್, ನ್ಯೂಜಿಲೆಂಡಿನವನು. ಭಾವನಿಗೆ ಇದನ್ನು ಹೇಳಿ, ಖುಷಿಪಡಲಿ.

ಗ್ರೀನ್ ಓದುವುದು ಅಂದರೆ ಎಂತದ್ದು ಅಂತ ನಿಮಗೆ ಅನಿಸಬಹುದು. ಬೆಳಿಗ್ಗೆ ಆರೂಕಾಲಿಗೆ ಇಬ್ಬನಿ ಇರುವಾಗ ಮೊದಲು ಹೋದವರ ಚೆಂಡು ಗೆರೆ ಬಿಟ್ಟು ಹೋಗಿರುತ್ತದೆ. ಕುಕ್ಕರಗಾಲಲ್ಲಿ ಕೂತು ನೋಡಿದರೆ ಹುಲ್ಲು ಒಂದು ಕಡೆ ಹೊಳೆಯುತ್ತದೆ, ಇನ್ನೊಂದು ಕಡೆ ಮಂಕು. ಹೊಳೆಯುವ ಕಡೆಗೆ ಹುಲ್ಲು ಮಲಗಿದೆ, ಚೆಂಡು ಓಡುತ್ತದೆ. ಮಂಕು ಕಡೆ ಎದುರು ನಿಂತಿದೆ, ಒಂದು ಮೊಳ ಮೊದಲೇ ನಿಲ್ಲುತ್ತದೆ. ಗದ್ದೆಯಲ್ಲಿ ಭತ್ತ ಗಾಳಿಗೆ ಬಾಗಿದ್ದು ನೋಡಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ತೀರ್ಪು: ಕೊನೆಯ ನಾಲ್ಕು ಹೋಲ್‌ಗೆ ಯಾರನ್ನು ಕರೆದುಕೊಂಡು ಹೋಗುತ್ತೀಯ ಅಂದರೆ ದಕ್ಷಿಣ ಆಫ್ರಿಕಾದವನನ್ನೇ.

---

ಶರಾವತಿ ಹಿನ್ನೀರು (ಹೊಸನಗರ):

ಇಷ್ಟು ಹೊತ್ತು ಎಲ್ಲರ ಲೆಕ್ಕ ಓದಿದೆ. ಹಳೇ ಕ್ಯಾಡಿ ಅಣ್ಣನ ಮಾತು ಓದಿ ಖುಷಿಯಾಯಿತು. ಆದರೆ ಅರ್ಧ ಲೆಕ್ಕ ಬಿಟ್ಟೇಬಿಟ್ಟಿರಲ್ಲ? ಪ್ರಶ್ನೆ "ಯಾವ ದೇಶ ಒಳ್ಳೆ ಆಟಗಾರರನ್ನು ತಯಾರು ಮಾಡಿದೆ" ಅಂತ ತಾನೆ ಇದ್ದದ್ದು. ಗಂಡಸರನ್ನು ಅಂತ ಎಲ್ಲಿತ್ತು?

ನಾನು ಹೈಸ್ಕೂಲಿನಲ್ಲಿ ಪಿಟಿ ಟೀಚರ್. ಈಗ ತೆಗೆದುಕೊಳ್ಳಿ, 2025ರ ಜುಲೈವರೆಗೆ ಹೆಂಗಸರ ಮೇಜರ್. ಆಸ್ಟ್ರೇಲಿಯಾ: ಕ್ಯಾರಿ ವೆಬ್ 7, ಜಾನ್ ಸ್ಟೀಫನ್‌ಸನ್ 3, ಮಿಂಜಿ ಲೀ 3, ಹಾನಾ ಗ್ರೀನ್ 1, ಗ್ರೇಸ್ ಕಿಮ್ 1. ಹದಿನೈದು. ದಕ್ಷಿಣ ಆಫ್ರಿಕಾ: ಸ್ಯಾಲಿ ಲಿಟ್ಲ್ 2, ಆಶ್ಲೀ ಬುಹಾಯ್ 1. ಮೂರು. ಈಗ ಕೂಡಿಸಿ. 17ಕ್ಕೆ 15 ಸೇರಿದರೆ 32. 22ಕ್ಕೆ 3 ಸೇರಿದರೆ 25. ಭಾವ ಗೆದ್ದರು. ತಮ್ಮನಿಗೆ ನನ್ನ ಸಾಂತ್ವನ ಹೇಳಿ.

ಇದರಲ್ಲಿ ಎರಡು 2025ರವು. ಜೂನ್‌ನಲ್ಲಿ ಮಿಂಜಿ ಲೀ ಹೆಂಗಸರ ಪಿಜಿಎ ಗೆದ್ದಳು. ಅವಳು ನಿಮ್ಮ ಭಾವನ ಪರ್ತ್‌ನವಳೇ. ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ ಗ್ರೇಸ್ ಕಿಮ್. ಪ್ಲೇಆಫ್‌ನಲ್ಲಿ ಅವಳ ಚೆಂಡು ನೀರಿಗೆ ಹೋಯಿತು. ಮುಗೀತು ಅಂತ ಅಂದುಕೊಂಡೆ. ಒಂದು ಏಟಿನ ದಂಡ ಹಾಕಿಸಿಕೊಂಡು ಗ್ರೀನಿನ ಹೊರಗಿಂದಲೇ ಚಿಪ್ ಮಾಡಿ (ಚೆಂಡನ್ನು ಮೆಲ್ಲಗೆ ಎತ್ತಿ ಹೊಡೆದು) ಗುಳಿಗೆ ಹಾಕಿಬಿಟ್ಟಳು! ಮುಂದಿನ ಹೋಲ್‌ನಲ್ಲಿ ಈಗಲ್, ಅಂದರೆ ಗೊತ್ತುಮಾಡಿದ್ದಕ್ಕಿಂತ ಎರಡು ಏಟು ಕಡಿಮೆ, ಹಾಕಿ ಗೆದ್ದಳು. ಹಳೇ ಕ್ಯಾಡಿ ಅಣ್ಣಾ, ಕೊನೇ ಹೋಲ್ ಗುಂಡಿಗೆ ಅಂದರೆ ಇದೂ ಅಲ್ವಾ?

"ತಯಾರು ಮಾಡುವುದು" ಅಂದರೆ ಏನು ಅಂತ ನೋಡಬೇಕಾದರೆ ಕ್ಯಾರಿ ವೆಬ್ ನೋಡಿ. ಅವಳು ಕ್ವೀನ್ಸ್‌ಲೆಂಡಿನ ಏರ್ ಅನ್ನೋ ಊರಿನವಳು. ಸುತ್ತ ಕಬ್ಬಿನ ಗದ್ದೆ, ದೊಡ್ಡ ಪೇಟೆ ಅಲ್ಲ. ಗೆದ್ದಮೇಲೆ ಅವಳು ತನ್ನ ಹೆಸರಿನಲ್ಲಿ ಸ್ಕಾಲರ್‌ಶಿಪ್ ಇಟ್ಟಳು. ಎಳೆ ಹುಡುಗಿಯರನ್ನು ಕರೆಸಿ ದೊಡ್ಡ ಪಂದ್ಯದ ವಾರ ಪೂರ್ತಿ ತನ್ನ ಜೊತೆ ಇಟ್ಟುಕೊಳ್ಳುತ್ತಾಳೆ. ಮಿಂಜಿ, ಹಾನಾ, ಗ್ರೇಸ್ ಮೂವರೂ ಹಾಗೆ ಬಂದವರು. ಒಬ್ಬಳು ಗೆದ್ದಳು, ಅವಳ ಹಿಂದೆ ಮೂವರು ಗೆದ್ದರು. ದುಡ್ಡಿಗಿಂತ ಆ ಒಂದು ವಾರದ್ದು ದೊಡ್ಡದು ಅಂತ ನನ್ನ ಅನುಭವ. ನಮ್ಮ ಕಬಡ್ಡಿ ಹುಡುಗಿಯರನ್ನು ಒಂದು ಸಲ ರಾಜ್ಯ ಮಟ್ಟದ ಪಂದ್ಯ ನೋಡಲು ಕರೆದುಕೊಂಡು ಹೋಗಿದ್ದೆ, ಆಡಲು ಅಲ್ಲ, ಬರೀ ನೋಡಲು. ವಾಪಸ್ ಬಂದಮೇಲೆ ಅವರು ಶೂ ಲೇಸ್ ಕಟ್ಟುವ ರೀತಿಯೇ ಬೇರೆಯಾಯಿತು.

ನ್ಯಾಯಕ್ಕೆ ಒಂದು ಮಾತು. ಬುಹಾಯ್ 2022ರಲ್ಲಿ ಗೆದ್ದದ್ದು ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್‌ನಲ್ಲಿ, ಕತ್ತಲು ಕವಿಯುವಾಗ, ಪ್ಲೇಆಫ್‌ನ ನಾಲ್ಕನೇ ಹೋಲ್‌ನಲ್ಲಿ, ಬಂಕರಿನಿಂದ ಹೊಡೆದು. 2017ರವರೆಗೆ ಆ ಕ್ಲಬ್ಬು ಹೆಂಗಸರಿಗೆ ಸದಸ್ಯತ್ವವನ್ನೇ ಕೊಡುತ್ತಿರಲಿಲ್ಲ. ಆ ಒಂದನ್ನು ನಾನು ಮೂರು ಅಂತ ಲೆಕ್ಕ ಹಾಕಲು ತಯಾರು. ಆದರೂ ತಮ್ಮ ಗೆಲ್ಲುವುದಿಲ್ಲ.

ಗಾಲ್ಫ್ ನೋಡುವ ಹುಚ್ಚು ನನಗೆ ಹತ್ತಿಸಿದ್ದು ಬೆಂಗಳೂರಿನ ಅದಿತಿ ಅಶೋಕ್. 2021ರ ಆಗಸ್ಟ್ 7, ಟೋಕಿಯೋ ಒಲಿಂಪಿಕ್ಸ್, ಶನಿವಾರ ಬೆಳಿಗ್ಗೆ. ದೋಸೆ ಹೊಯ್ಯುತ್ತಾ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ನೋಡಿದೆ. ಅವಳ ಬ್ಯಾಗ್ ಹೊತ್ತದ್ದು ಅವಳ ಅಮ್ಮ. ಒಂದೇ ಏಟಿನಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. ಎರಡು ದೋಸೆ ಸೀದುಹೋದವು.

---

ತುಂಗಾದಡ:

ಟೀಚರ್, ನೀವು ನಮ್ಮನೆಗೆ ಬೆಂಕಿ ಇಟ್ಟಿರಿ. ಗುಂಪಿನಲ್ಲಿ ನಿಮ್ಮ ಲೆಕ್ಕ ಹಾಕಿದ್ದೇ ತಡ, ಅಕ್ಕ ಎದ್ದು ಬಂದಳು. ಇಷ್ಟು ದಿನ ಒಂದು ಮಾತೂ ಆಡದವಳು, "ಅಲ್ವಾ ಮತ್ತೆ, ನಾವು ಲೆಕ್ಕಕ್ಕಿಲ್ವಾ?" ಅಂತ ಗಂಡನ ಪರ ನಿಂತಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಇದು ಮೊದಲು ಅಂತ ಅಮ್ಮ ಹೇಳುತ್ತಾರೆ. ತಮ್ಮ ಮಾತ್ರ, ಆಟದ ಮಧ್ಯೆ ರೂಲ್ಸ್ ಬದಲಾಯಿಸುವುದು ಮೋಸ ಅಂತ ಕೂತಿದ್ದಾನೆ. ಹಳೇ ಕ್ಯಾಡಿ ಅಣ್ಣಾ, ನೀವು ಏನಂತೀರಿ?

---

ಹಳೇ ಕ್ಯಾಡಿ:

ಟೀಚರ್ ಹೇಳಿದ್ದು ಒಪ್ಪಿದೆ. ಗ್ರೇಸ್ ಕಿಮ್ ಚಿಪ್ಪನ್ನು ಮಗಳ ಫೋನಿನಲ್ಲಿ ನೋಡಿದೆ. ಅದು ಗುಂಡಿಗೆಯೇ.

ಆದರೆ ತಮ್ಮನಿಗೂ ಒಂದು ವಿಷಯ ಹೇಳಬೇಕು. ದಕ್ಷಿಣ ಆಫ್ರಿಕಾದ ಆ 22 ಬಂದಿದ್ದು ಇಡೀ ದೇಶದಿಂದ ಅಲ್ಲ. ಗೆದ್ದ ಏಳೂ ಜನ ಬಿಳಿಯರು. ಅಲ್ಲಿ ಅವರು ಹತ್ತರಲ್ಲಿ ಒಬ್ಬರೋ ಇಬ್ಬರೋ. ಉಳಿದವರು ಬ್ಯಾಗ್ ಹೊರುತ್ತಿದ್ದರು. ನನ್ನ ಹಾಗೆ.

ಪಪ್ವಾ ಸೇವ್‌ಗೋಲಂ ಅಂತ ಒಬ್ಬನಿದ್ದ. ಭಾರತದಿಂದ ಹೋದ ಮನೆತನದವನು, ಡರ್ಬನ್‌ನ ಕ್ಯಾಡಿ. ಓದು ಬರಹ ಇಲ್ಲ. ಅವನು ಕೋಲು ಹಿಡಿಯುತ್ತಿದ್ದದ್ದೇ ಉಲ್ಟಾ. ಬಲಗೈಯವರು ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿಯುತ್ತಾರೆ. ಇವನದ್ದು ಬಲ ಮೇಲೆ, ಎಡ ಕೆಳಗೆ. ಹೇಳಿಕೊಡುವವರಿಲ್ಲದೆ ಕಲಿತರೆ ಹಾಗಾಗುತ್ತದೆ. ನಮ್ಮ ಕ್ಯಾಡಿ ಶೆಡ್ಡಿನ ಹಿಂದೆ ಮುರಿದ ಕೋಲಿನಲ್ಲಿ ಆಡುವಾಗ ಒಬ್ಬ ಹುಡುಗ ಹಾಗೇ ಹಿಡಿಯುತ್ತಿದ್ದ. ಎಲ್ಲರೂ ನಗುತ್ತಿದ್ದೆವು. ಆಮೇಲೆ ಹಳೇ ಕ್ಯಾಡಿ ಮಾಸ್ಟರ್ ಪಪ್ವಾನ ಕಥೆ ಹೇಳಿದರು. ನಗುವುದು ನಿಂತಿತು.

ಓಲೇ ಅಂತ ಮುಖಕ್ಕೆ ಹಚ್ಚುವ ಕ್ರೀಮ್ ಇದೆಯಲ್ಲ, ಅದನ್ನು ಕಂಡುಹಿಡಿದ ಗ್ರಹಾಂ ವುಲ್ಫ್ ಅನ್ನುವವರು ಪಪ್ವಾನನ್ನು ಯುರೋಪಿಗೆ ಕರೆದುಕೊಂಡು ಹೋದರು. 1959ರಲ್ಲಿ ಡಚ್ ಓಪನ್ ಗೆದ್ದ. 1960ರಲ್ಲಿ ಮತ್ತೆ, 1964ರಲ್ಲಿ ಮತ್ತೆ. ಊರಲ್ಲಿ ಮಾತ್ರ ಬಿಳಿಯರ ಜೊತೆ ಆಡಲು ಅಪ್ಪಣೆ ಬೇಕು. 1963ರಲ್ಲಿ ನಟಾಲ್ ಓಪನ್ ಆಡಿ ಗೆದ್ದ. ಕ್ಲಬ್ಬಿನ ಒಳಗೆ ಬಿಳಿಯರು ಕುಳಿತಿದ್ದರು. ಇವನಿಗೆ ಕಪ್ ಕೊಟ್ಟದ್ದು ಹೊರಗೆ, ಮಳೆಯಲ್ಲಿ. ಆ ಫೋಟೋ ಲೋಕವೆಲ್ಲ ಸುತ್ತಿತು. 1965ರಲ್ಲಿ ಅದೇ ನಟಾಲ್ ಓಪನ್‌ನಲ್ಲಿ ಗ್ಯಾರಿ ಪ್ಲೇಯರ್‌ನನ್ನೇ ಸೋಲಿಸಿದ. ಪ್ಲೇಯರ್ ಅದೇ ವರ್ಷ ಯುಎಸ್ ಓಪನ್ ಗೆದ್ದು ನಾಲ್ಕೂ ಮೇಜರ್ ಪೂರೈಸಿದವನು. ಆಮೇಲೆ ಪಪ್ವಾನನ್ನು ದೊಡ್ಡ ಪಂದ್ಯಗಳಿಗೇ ಸೇರಿಸಲಿಲ್ಲ. ಪಾಸ್‌ಪೋರ್ಟ್ ಕಿತ್ತುಕೊಂಡರು. 1978ರಲ್ಲಿ ಸತ್ತ. ಪ್ಲೇಯರ್ ಆ ಕಾಲದಲ್ಲಿ ವರ್ಣಭೇದದ ಪರ ಬರೆದಿದ್ದ, ಆಮೇಲೆ ತಪ್ಪಾಯಿತು ಅಂದ. 1971ರಲ್ಲಿ ಅಮೆರಿಕದ ಕಪ್ಪು ಆಟಗಾರ ಲೀ ಎಲ್ಡರ್‌ನನ್ನು ತನ್ನ ದೇಶಕ್ಕೆ ಕರೆಸಿ ಆಡಿಸಿದ. ಅದನ್ನೂ ಹೇಳಬೇಕು.

ಈಗ ಹೇಳಿ. ಅಷ್ಟು ಚಿಕ್ಕ ಗುಂಪಿನಿಂದ 22 ಬಂದದ್ದು ದೊಡ್ಡದೋ? ಇಲ್ಲಾ, ಪಪ್ವಾನಂಥವನನ್ನು ಮಳೆಯಲ್ಲಿ ನಿಲ್ಲಿಸಿದ ದೇಶ "ಒಳ್ಳೆ ಆಟಗಾರರನ್ನು ತಯಾರು ಮಾಡಿತು" ಅನ್ನಬಹುದೋ? ನನಗೆ ದಿನಕ್ಕೊಂದು ಥರ ಅನಿಸುತ್ತದೆ. 2010ರಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ಊಸ್ಟ್‌ಹೈಜನ್ ಏಳು ಏಟಿನಿಂದ ದಿ ಓಪನ್ ಗೆದ್ದ ದಿನ ಜುಲೈ 18, ಮಂಡೇಲಾ ಹುಟ್ಟಿದ ದಿನ. ಅವನ ಬ್ಯಾಗ್ ಹೊತ್ತು ಪಕ್ಕದಲ್ಲಿ ಬಂದದ್ದು ಝ್ಯಾಕ್ ರಸೇಗೋ, ಕಪ್ಪು ಮನುಷ್ಯ. ಕಪ್ ಎತ್ತಿದ್ದು ಊಸ್ಟ್‌ಹೈಜನ್. ನಾನು ನೋಡುತ್ತಿದ್ದದ್ದು ರಸೇಗೋನ ಭುಜವನ್ನು.

ಭಾವನಿಗೂ ಒಂದು ಬಾಕಿ ಇದೆ. ಪೀಟರ್ ಥಾಮ್ಸನ್ ನಮ್ಮ ದೇಶಕ್ಕೆ ಬಂದು ಇಂಡಿಯನ್ ಓಪನ್ ಶುರುಮಾಡಿಸುವುದರಲ್ಲಿ ಕೈಜೋಡಿಸಿದವರು. 1964ರ ಮೊದಲ ಪಂದ್ಯ ಅವರೇ ಗೆದ್ದರು. 1966, 1976ರಲ್ಲಿ ಮತ್ತೆ. ಮೇಜರ್ ಗೆದ್ದವರು ಈ ಕಡೆ ತಿರುಗಿಯೂ ನೋಡದ ಕಾಲ ಅದು. ಅದಕ್ಕೆ ಥಾಮ್ಸನ್‌ಗೆ ಮಾತ್ರ ನಾನು "ಅವರು" ಅನ್ನುವುದು.

---

ಎಸ್ಟೇಟ್ ರೈಟರ್:

ಹಳೇ ಕ್ಯಾಡಿಯವರೇ, ನಿಮ್ಮದು ಓದಿ ನನ್ನ ಪಟ್ಟಿ ಮತ್ತೆ ನೋಡಿದೆ. ಬೆಳೆ ಎಷ್ಟು ಬಂತು ಅಂತ ಬರೆದಿದ್ದೇನೆ, ಎಷ್ಟು ಜಾಗದಲ್ಲಿ ಬಂತು ಅಂತ ಬರೆದಿಲ್ಲ. ಎಸ್ಟೇಟಿನಲ್ಲಿ ಹಾಗೆ ಬರೆದರೆ ಸಾಹುಕಾರರು ಪುಸ್ತಕ ಎಸೆಯುತ್ತಾರೆ.

---

ತುಂಗಾದಡ:

ಎಲ್ಲರಿಗೂ ಉಪಕಾರ. ಪಪ್ವಾನ ಕಥೆ ಗುಂಪಿಗೆ ಹಾಕಿದಮೇಲೆ ಒಂದು ಇಡೀ ದಿನ ಯಾರೂ ಏನೂ ಬರೆಯಲಿಲ್ಲ. ಆಮೇಲೆ ತಮ್ಮ ಫೋನ್ ಮಾಡಿದ. ಅವನು ಆಡುವ ಕಡೆ ಅವನ ಕ್ಯಾಡಿ ಅರವತ್ತು ದಾಟಿದ ಮನುಷ್ಯ, ನೀವು ಹೇಗೆ ಆಡುತ್ತೀರಿ ಅಂತ ಇದುವರೆಗೆ ಆ ಕ್ಯಾಡಿಯನ್ನು ನಾನು ಕೇಳಿಯೇ ಇಲ್ಲ ಅಂದ. ಈ ಶನಿವಾರ ಕೇಳುತ್ತಾನಂತೆ.

ತೀರ್ಪು ಹೀಗೆ ಕೊಟ್ಟಿದ್ದೇನೆ. ಗಂಡಸರಲ್ಲಿ ಮತ್ತು ಕೊನೆಯ ನಾಲ್ಕು ಹೋಲ್‌ನಲ್ಲಿ ದಕ್ಷಿಣ ಆಫ್ರಿಕಾ, ಅದಕ್ಕೆ ಭಾವ ಮೈಲುತುತ್ತು ಕೊಡಿಸಬೇಕು. ಒಟ್ಟು ಲೆಕ್ಕದಲ್ಲಿ ಮತ್ತು ತಯಾರು ಮಾಡುವುದರಲ್ಲಿ ಆಸ್ಟ್ರೇಲಿಯಾ, ಅದಕ್ಕೆ ತಮ್ಮ ಮದ್ದು ಹೊಡೆಯುವವರ ಕೂಲಿ ಕೊಡಬೇಕು. ಕೂಲಿಯೇ ಜಾಸ್ತಿ ಆಗುತ್ತದೆ ಅಂತ ತಮ್ಮನಿಗೆ ಇನ್ನೂ ಗೊತ್ತಾಗಿಲ್ಲ. ಇಬ್ಬರೂ ಒಪ್ಪಿದ್ದಾರೆ. ಇವತ್ತು ಮಳೆ ಸ್ವಲ್ಪ ಹೊಳವಾಗಿದೆ, ನಾಳೆ ಬೆಳಿಗ್ಗೆ ಡ್ರಮ್ ಇಳಿಸುತ್ತೇನೆ.

---

ಪೇಟೆರಾಯ:

ಎಲ್ಲ ಸರಿ ಅಣ್ಣಾ, ಬರೀ ಮೈಲುತುತ್ತಿನಲ್ಲಿ ಬೋರ್ಡೋ ಆಗುತ್ತಾ? ಸುಣ್ಣ ಯಾರದ್ದು?

---

ತುಂಗಾದಡ:

ಸುಣ್ಣ ನನ್ನದೇ ಮಾರಾಯ. ಜಡ್ಜ್ ಆದ ತಪ್ಪಿಗೆ.